ಉಡಚಮ್ಮ ತಂದ ಕಡ

ರವಿವಾರ ಬೆಳಿಗ್ಗೆ ಗೇಟಿನ ಗಂಟೆ ಸದ್ದು ಮಾಡಿತು. ಶ್ವೇತಾ ತಲೆಗೆ ಸುತ್ತಿದ್ದ ಟವೆಲ್ಲನ್ನೂ ಬಿಚ್ಚದೆ ಬಂದು ಗೇಟು ತೆಗೆದಳು. ಎದುರು ಮನೆಯ ಕಳಕಮ್ಮ ನಿಂತಿದ್ದಳು. ಆಕೆಯ ಬೆನ್ನಿಗೆ ಮೂಲೆ ಮನೆಯ ನಾಹೀದಾ, ಹಿಂದಿನ ಸಾಲಿನ ಸುನಿತಾ. ಕಳಕಮ್ಮನ ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಅಕ್ಕಿ, ತೊಗರಿಬೇಳೆ, ಸಕ್ಕರೆ, ಚಹಾಪುಡಿ. ನಾಹೀದಾಳ ಕೈಯಲ್ಲಿ ಮುಚ್ಚಳ ಹಾಕಿದ ಡಬ್ಬಿ. ಅದರಿಂದ ಬಿಸಿ ಸಾರಿನ ವಾಸನೆ ಬರುತ್ತಿತ್ತು.

ಕೊಪ್ಪಳದ ಈ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಗ್ಯಾಸಿನವನು, ಪಾರ್ಸೆಲ್ ತರುವ ಹುಡುಗರನ್ನು ಬಿಟ್ಟರೆ ಆ ಗಂಟೆಯನ್ನು ಇನ್ನೊಬ್ಬರು ಒತ್ತಿದ್ದು ಶ್ವೇತಾಳಿಗೆ ನೆನಪಿಲ್ಲ. ಯಾರದೋ ಮನೆಯ ಪೂಜೆಯ ಪ್ರಸಾದ ತಂದಿರಬೇಕೆಂದುಕೊಂಡು ಆಕೆ ನಕ್ಕಳು. ಒಳಗೆ ಬರ್ರಿ ಎಂದಳು.

"ನಾವು ಒಳಗ ಬರಾಕ ಬಂದಿಲ್ಲ," ಎಂದಳು ಕಳಕಮ್ಮ. "ಇದನ್ನ ನಿಮ್ಮತ್ತಿಗೆ ಕೊಟ್ಟು ಹೋಗಾಕ ಬಂದೀವಿ."

"ಯಾಕ್ರಿ? ಏನಿದು?"

"ಏನಂತ ನಮ್ಮನ್ನ ಕೇಳ್ತಿ? ಮಕ್ಕಳಿಗೆ ಸಾಲಿ ಕಲಿಸಾಕಿ ನೀನು. ಗಂಡನ್ನ ಹಡದಾಕಿ ಒಂದ್ ಮುಟಗಿ ಸಕ್ರಿಗೆ ಮಂದಿ ಗೇಟಿನ ಮುಂದ ಬಂದು ನಿಂದರತಾಳ. ಮೊನ್ನೆ ಚಾಪುಡಿ ಒಯ್ದಳು. ಅದರ ಹಿಂದ ಹೆಪ್ಪು. ಒಂದ್ ಉಳ್ಳಾಗಡ್ಡಿನೂ ಕೇಳ್ಯಾಳ. ಇಬ್ಬಿಬ್ಬರ ಪಗಾರ ಬರೋ ಮನ್ಯಾಗ ಮುದುಕಿಗೆ ಒಂದ್ ಉಳ್ಳಾಗಡ್ಡಿ ಇಲ್ಲ. ಎಲ್ಲಾ ಕೀಲಿ ಹಾಕಿ ಸಾಲಿಗೆ ಹೋಗ್ತಿಯಂತಲ್ಲ, ಕೀಲಿ ನಿನ್ನ ಪರ್ಸಿನ್ಯಾಗ ಇರತೈತಂತಲ್ಲ..."

ಆ ಮನೆಯಲ್ಲಿ ಬೀಗವೆಂಬುದು ಇದ್ದದ್ದು ಮುಂಬಾಗಿಲಿಗೊಂದೇ. ಅದರ ಕೀಲಿಯೂ ಅತ್ತೆಯ ಸೊಂಟದಲ್ಲಿತ್ತು. ನಾಹೀದಾ ಮಾತ್ರ ತಲೆ ತಗ್ಗಿಸಿ, ಬೇಜಾರು ಮಾಡ್ಕೋಬ್ಯಾಡ್ರಿ ಟೀಚರ್, ಅಜ್ಜಿ ಮುಖ ನೋಡಿ ತಡೀಲಿಲ್ಲ ಎಂದಳು. ಗದ್ದಲ ಕೇಳಿ ಶ್ವೇತಾಳ ಗಂಡ ದುರಗೇಶ ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧದಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಹೊರಗೆ ಬಂದ. ವಿಷಯ ತಿಳಿದ ಮೇಲೆ ಅವನ ಮುಖ ಆ ನೊರೆಯಷ್ಟೇ ಬೆಳ್ಳಗಾಯಿತು. ಕಳಕಮ್ಮ ಅವನಿಗೂ ನಾಲ್ಕು ಮಾತು ಹೇಳಿದಳು. ಹೆಂಡತಿಯ ಸೆರಗಿನ ಹಿಂದೆ ಅಡಗುವ ಮಗ ಇದ್ದರೆಷ್ಟು, ಬಿಟ್ಟರೆಷ್ಟು ಎಂದಳು. ಚೀಲವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಹಿಂದಿರುಗಿ ನೋಡದೆ ಹೋದಳು. ಉಳಿದಿಬ್ಬರೂ ಆಕೆಯ ಹಿಂದೆಯೇ ಹೋದರು.

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅತ್ತೆ ಉಡಚಮ್ಮ ಒದ್ದೆ ಕೈಯಲ್ಲೇ ಪಡಸಾಲೆಯ ಬಾಗಿಲಿಗೆ ಬಂದು ನಿಂತಿದ್ದಳು. ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೆಟ್ಟ ಸೊಸೆ, ಹಸಿದ ಅತ್ತೆ ಎಂಬ ಕಥೆ ಇಡೀ ಬಡಾವಣೆಯಲ್ಲಿ ಹಬ್ಬಿತ್ತು. ಆ ಕಥೆಯಲ್ಲಿ ಒಂದೇ ಒಂದು ಮಾತೂ ನಿಜವಿರಲಿಲ್ಲ. ಅದು ಹುಟ್ಟಿದ್ದು ಹೇಗೆಂದು ಗೊತ್ತಿದ್ದವಳು ಆಕೆಯೊಬ್ಬಳೇ...

ಉಡಚಮ್ಮ ಕನಕಗಿರಿ ಹತ್ತಿರದ ಹಳ್ಳಿಯವಳು. ಗಂಡ ಓಬಳೆಪ್ಪ ಕೂಲಿ ಮಾಡಿ ಸತ್ತ. ಆಕೆ ಕೂಲಿ ಮಾಡಿ ಮಗನನ್ನು ಓದಿಸಿದಳು. ಮಗ ಜಿಲ್ಲಾ ಕಚೇರಿಯಲ್ಲಿ ಗುಮಾಸ್ತನಾದ, ಸೊಸೆ ಹಿಟ್ನಾಳದ ಕಡೆಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಇಬ್ಬರೂ ಸೇರಿ ಮನೆ ಕಟ್ಟಿಸಿದಾಗ ಉಡಚಮ್ಮ ಯಾರೂ ಒತ್ತಾಯ ಮಾಡದೆ, ಕುಣಿಯುತ್ತ ಬಂದಳು. ಊರು ಬಿಟ್ಟು ಬಂದೆನೆಂದು ಮೂಗು ಒರೆಸುವವಳಲ್ಲ ಆಕೆ. ನಲ್ಲಿ ತಿರುವಿದರೆ ನೀರು, ಗುಂಡಿ ಒತ್ತಿದರೆ ಗಾಳಿ, ಕೂರಲು ಒಳಗೇ ಪಾಯಖಾನೆ. ಹಳ್ಳಿಯ ಬದುಕೇ ಚಂದ ಎನ್ನುವವರನ್ನು ಒಂದು ಬೇಸಿಗೆ ಆ ಬೋರವೆಲ್ಲಿನಿಂದ ನೀರು ಹೊರಲು ಹಚ್ಚಬೇಕು, ಆಮೇಲೆ ಮಾತಾಡಲಿ. ಉಡಚಮ್ಮನಿಗೆ ಹೊಸ ಮನೆ ಬಹಳ ಹಿಡಿಸಿತ್ತು. ಹಿಡಿಸದಿದ್ದುದು ಒಂದೇ. ಅಲ್ಲಿ ಮನುಷ್ಯರಿರಲಿಲ್ಲ.

ಇದ್ದರು, ಆದರೆ ಗೇಟಿನೊಳಗಿದ್ದರು. ಬೆಳಿಗ್ಗೆ ಗಾಡಿಗಳು ಹೊರಡುತ್ತಿದ್ದವು, ಸಂಜೆ ಬರುತ್ತಿದ್ದವು. ನಡುವೆ ಬೀದಿಯಲ್ಲಿ ಬಿಸಿಲು ಬಿಟ್ಟರೆ ಇನ್ನೇನೂ ಇಲ್ಲ. ಬಡಾವಣೆಯವರದೊಂದು ವಾಟ್ಸಾಪ್ ಗುಂಪು ಇತ್ತು. ಕಳಕಮ್ಮ ಅದರಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಎಲ್ಲರಿಗೂ ಶುಭೋದಯ ಹೇಳುತ್ತಿದ್ದಳು. ಆ ಹೂವಿಗೆ ಎಲ್ಲರೂ ಕೈ ಮುಗಿಯುತ್ತಿದ್ದರು. ಹೀಗೆ ಕೈ ಮುಗಿದವರೇ ಗೇಟಿನ ಹತ್ತಿರ ಎದುರಾದರೆ ಮುಖ ಪಕ್ಕಕ್ಕೆ ಹೊರಳಿಸಿ ಹೋಗುತ್ತಿದ್ದರು. ಶ್ವೇತಾ ಶಾಲೆಯಿಂದ ಬಂದ ಮೇಲೂ ಅಂಕಿಸಂಖ್ಯೆ ತುಂಬುತ್ತ ಮೊಬೈಲಿನಲ್ಲೇ ಇರುತ್ತಿದ್ದಳು. ದುರಗೇಶ ಟಿವಿ ಹಚ್ಚಿ ಕೂರುತ್ತಿದ್ದ. ಮುದುಕಿ ಇಡೀ ದಿನ ನಲ್ಲಿಯ ಜೊತೆ ಮಾತಾಡಬೇಕೇ?

ಹಾಗಾಗಿ ಒಂದು ಮಧ್ಯಾಹ್ನ ಆಕೆ ಖಾಲಿ ಬಟ್ಟಲು ಹಿಡಿದು ಕಳಕಮ್ಮನ ಗೇಟಿಗೆ ಹೋದಳು. ಹೆಪ್ಪು ಕಡ ಕೇಳಿದಳು. ಮನೆಯಲ್ಲಿ ಮೊಸರು ಇತ್ತು. ಬೇಕಾಗಿದ್ದುದು ಮೊಸರಲ್ಲ.

ಆಕೆಯ ಊರಿನ ಕೆಳಗಿನ ಕೇರಿಯಲ್ಲಿ ಕಡಕ್ಕೊಂದು ಪದ್ಧತಿ ಇತ್ತು. ತಂದವಳು ತಾನಾಗಿ ತಿರುಗಿ ಕೊಡುವಂತಿಲ್ಲ. ಕೊಟ್ಟವಳು ಬಂದು ಕೇಳಬೇಕು. ಕೇಳಲು ಬಂದವಳು ಬಾಗಿಲಲ್ಲಿ ಕೂರಬೇಕು, ಎಲೆ ಅಡಿಕೆ ಹಾಕಬೇಕು, ಇಲ್ಲದ ಸುದ್ದಿಯನ್ನೆಲ್ಲ ಹೇಳಬೇಕು, ಹೋಗುವಾಗ ತನ್ನದರ ಜೊತೆಗೆ ಇನ್ನೊಂದು ಏನನ್ನಾದರೂ ಕಡ ಒಯ್ಯಬೇಕು. ಯಾರಾದರೂ ಕೇಳುವ ಮೊದಲೇ ತಂದು ತಿರುಗಿ ಕೊಟ್ಟರೆ, ಇನ್ನು ಮುಂದೆ ನಿನ್ನ ಸಂಗ ಬೇಡ ಎಂದು ಮುಖದ ಮೇಲೆ ಹೇಳಿದಂತೆ. ಅಂಥ ಜಗಳಗಳು ವರ್ಷಗಟ್ಟಲೆ ನಡೆಯುತ್ತಿದ್ದವು.

ಈ ಪದ್ಧತಿ ಲೋಕಕ್ಕೆಲ್ಲ ಒಂದೇ ಎಂದು ಉಡಚಮ್ಮ ತಿಳಿದಿದ್ದಳು. ಹೆಪ್ಪು ತಂದಳು, ಕಳಕಮ್ಮ ಕೇಳಲು ಬರುವಳೆಂದು ಬಾಗಿಲಲ್ಲಿ ಕಾದಳು. ಕಳಕಮ್ಮ ಬರಲಿಲ್ಲ. ಸಣ್ಣದೆಂದು ಬಿಟ್ಟಿರಬೇಕೆಂದು ಸಕ್ಕರೆ ತಂದಳು. ಆಗಲೂ ಬರಲಿಲ್ಲ. ನಾಹೀದಾಳ ಮನೆಯಿಂದ ಚಹಾಪುಡಿ, ಸುನಿತಾಳ ಮನೆಯಿಂದ ಉಳ್ಳಾಗಡ್ಡಿ. ತಂದದ್ದನ್ನೆಲ್ಲ ತನ್ನ ಕೋಣೆಯಲ್ಲಿ ಜೋಪಾನವಾಗಿಟ್ಟು ಯಾರಾದರೂ ಕೇಳಲು ಬರಲಿ ಎಂದು ದಾರಿ ನೋಡಿದಳು. ಪಾಪದ ಮುದುಕಿಯ ಹತ್ತಿರ ಒಂದು ಬಟ್ಟಲು ಸಕ್ಕರೆಯನ್ನು ಏನು ತಿರುಗಿ ಕೇಳುವುದು ಎಂದು ಅವರು ಸುಮ್ಮನಿದ್ದರು. ಅವರು ಸುಮ್ಮನಿದ್ದಷ್ಟೂ ಈಕೆ ಹೆಚ್ಚು ತಂದಳು. ಈಕೆ ಹೆಚ್ಚು ತಂದಷ್ಟೂ ಅವರಿಗೆ ಹೆಚ್ಚು ಕನಿಕರ!

ಇಷ್ಟಾಗಿದ್ದರೆ ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ. ತಪ್ಪಾದದ್ದು ಆಮೇಲೆ. ಒಂದು ಸಂಜೆ ಕಳಕಮ್ಮ ಆಕೆಯನ್ನು ವರಾಂಡದಲ್ಲಿ ಕೂರಿಸಿ ಚಹಾ ಕೊಟ್ಟಳು. ಸೊಸೆ ನೌಕರಿಗೆ ಹೋಗುವಾಗ ಸಾಮಾನಿಗೆಲ್ಲ ಕೀಲಿ ಹಾಕಿ ಹೋಗುತ್ತಾಳೇನು ಎಂದು ಮೆಲ್ಲಗೆ ಕೇಳಿದಳು. ಉಡಚಮ್ಮನ ಬಾಯಲ್ಲಿ ಚಹಾ ಇತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಕೇಳಲು ಯಾಕೆ ಬರುತ್ತೀ ಎಂಬುದು. ಅದಕ್ಕೆ ಉತ್ತರ ಕೊಡಲು ನಾಚಿಕೆ. ಆಕೆ ಚಹಾ ನುಂಗಿ ಒಂದು ನಿಟ್ಟುಸಿರು ಬಿಟ್ಟಳು, ಅಷ್ಟೇ. ಆ ಒಂದು ನಿಟ್ಟುಸಿರಿಗೆ ಬಡಾವಣೆಯ ಹೆಂಗಸರೆಲ್ಲ ಮರುಗಿದರು. ಮರುದಿನದಿಂದ ಸಂಜೆ ಪಾರ್ಕಿನ ಸಿಮೆಂಟ್ ಬೆಂಚಿನಲ್ಲಿ ಸರಿದು ಕುಳಿತು ಆಕೆಗೆ ಜಾಗ ಕೊಟ್ಟರು. ಮಾತಿಗೆ ಎಳೆದರು. ಹರಟೆ, ನಗು, ಒಬ್ಬರ ತೊಡೆ ಒಬ್ಬರು ತಟ್ಟುವುದು... ಎಷ್ಟು ದಿನಗಳ ಹಸಿವು ಅದು! ಉಡಚಮ್ಮ ಬಾಯಿ ಬಿಡಲಿಲ್ಲ.

ಇತ್ತ, ಹೆಂಗಸರು ಚೀಲವಿಟ್ಟು ಹೋದ ಮೇಲೆ ದುರಗೇಶ ಉಳಿದರ್ಧ ಗಡ್ಡವನ್ನು ಹಾಗೇ ಬಿಟ್ಟು, ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತಂದು ತಾಯಿಯ ಮುಂದೆ ಇಟ್ಟು ಮುಚ್ಚಳ ತೆಗೆದ. ಸಕ್ಕರೆ ತುಂಬಿತ್ತು. ಚಹಾಪುಡಿ ತುಂಬಿತ್ತು. ಉಳ್ಳಾಗಡ್ಡಿಯ ಬುಟ್ಟಿಯನ್ನು ನೆಲಕ್ಕೆ ಸುರುವಿದ.

"ಇದೇನು ಮಣ್ಣೇನಬೇ ಯವ್ವಾ? ಏನ್ ಕಡಿಮಿ ಮಾಡೀವಿ ನಿನಗ?"

"ಏನೂ ಇಲ್ಲಪ್ಪಾ."

"ಅಪ್ಪ ಗೌಡ್ರ ಹಿತ್ತಲ ಬಾಗಲದಾಗ ಬಟ್ಟಲ ಹಿಡಕೊಂಡು ನಿಂದರತಿದ್ದ. ನಾನೂ ಅವನ ಬೆರಳ ಹಿಡಕೊಂಡು ನಿಂತೀನಿ. ಅವರು ಮ್ಯಾಲಿಂದ ಸುರುವತಿದ್ರು. ಆ ಬಟ್ಟಲ ಬಿಡಸಬೇಕಂತ ಓದಿದೆ ನಾನು. ಈಗ ನೀ ಅದ ಬಟ್ಟಲ ಹಿಡಕೊಂಡು ಮನಿಮನಿ ಅಡ್ಯಾಡ್ತಿ..." ಅವನ ದನಿ ಒಡೆಯಿತು. ಜಿಲ್ಲಾ ಕಚೇರಿಯ ಗುಮಾಸ್ತ, ಇಬ್ಬರು ಜವಾನರನ್ನು ಗದರಿಸುವವನು, ಉಳ್ಳಾಗಡ್ಡಿಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಅತ್ತ.

ಉಡಚಮ್ಮ ಮಗನ ತಲೆಯ ಮೇಲೆ ಕೈ ಇಡಲು ಹೋದಳು. ಅವನು ತಲೆ ಸರಿಸಿದ.

"ಅದು ಬೇಡೋ ಬಟ್ಟಲ ಆಗಿತ್ತು ದುರಗ್ಯಾ. ಇದು ಕಡದ ಬಟ್ಟಲ. ಗೌಡ್ರ ಮನಿಗೆ ನಾನು ಒಂದಿನಾರ ಕಡ ಕೇಳಾಕ ಹೋಗಿದ್ದು ನೋಡಿಯೇನು? ಅವರು ನಮ್ಮ ಮನಿಗೆ ಕೇಳಾಕ ಬರತಿದ್ರೇನು? ಇಲ್ಲೆ ಕಳಕಮ್ಮ ಬಟ್ಟಲ ತನ್ನ ಕೈಯಾಗ ತಗೊಂಡು, ತುಂಬಿ, ನನ್ನ ಕೈಗೆ ಕೊಟ್ಟಳು. ಯಾವ ಕೇರಿಯಾಕಿ ಅಂತ ಕೇಳಲಿಲ್ಲ. ಅವತ್ತ ನನಗ ಎಷ್ಟ ಹಿಗ್ಗ ಆತು ನಿನಗ ಹೆಂಗ ಹೇಳಲಿ?"

ಇಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಶ್ವೇತಾ ಆಗ ಬಾಯಿ ಬಿಟ್ಟಳು. ಆಕೆಯ ಕಣ್ಣು ಒಣಗಿತ್ತು, ಅದೇ ನೋಡಲು ಕಷ್ಟವಾಗಿತ್ತು.

"ಅತ್ತಿ, ನಾನು ಕೀಲಿ ಹಾಕ್ತೀನಿ ಅಂತ ನೀವು ಹೇಳಿದ್ರೇನ್ರಿ?"

"ಹೇಳಿಲ್ಲವ್ವಾ."

"ಮತ್ತ?"

"ಅವರು ಅಂದ್ರು. ನಾ ಅಲ್ಲಂತ ಹೇಳಲಿಲ್ಲ."

"ಯಾಕ ಹೇಳಲಿಲ್ರಿ?"

ಉಡಚಮ್ಮ ನೆಲ ನೋಡಿದಳು. "ಅಲ್ಲ ಅಂದ್ರ ಬೆಂಚಿನ ಮ್ಯಾಲ ಜಾಗಾ ಹೋಗತಿತ್ತು."

ಇದಕ್ಕಿಂತ ಸಿಟ್ಟು ಬರಿಸುವ ಉತ್ತರ ಇನ್ನೊಂದಿದೆಯೇ? ಒಂದು ಸಿಮೆಂಟ್ ಬೆಂಚಿಗಾಗಿ ಸೊಸೆಯ ಮಾನ! ಶ್ವೇತಾ ಕಿರುಚಿದ್ದರೆ ಮುದುಕಿ ತಡೆದುಕೊಳ್ಳುತ್ತಿದ್ದಳು. ಶ್ವೇತಾ ಕಿರುಚಲಿಲ್ಲ. ಚೆಲ್ಲಿದ ಉಳ್ಳಾಗಡ್ಡಿಗಳನ್ನು ಆರಿಸಿ ಬುಟ್ಟಿಗೆ ಹಾಕಿದಳು. ಒಲೆ ಹಚ್ಚಿ ಅಡುಗೆ ಮಾಡಿದಳು. ಅತ್ತೆಗೆ ತಾಟು ಇಟ್ಟಳು. ಎರಡನೇ ಸಲ ಸಾರು ಹಾಕುವಾಗ ಮಾತ್ರ, ನಾಳೆ ಸಾಲಿಗೆ ಹೋಗುವಾಗ ಈ ಓಣಿಯಲ್ಲಿ ಹೆಂಗ ತಲಿ ಎತ್ತಿ ಹೋಗಲಿ ಎಂದು ಮೆಲ್ಲಗೆ ಕೇಳಿದಳು. ಕೇಳಿದ್ದು ಅತ್ತೆಯನ್ನೋ ಸಾರಿನ ಪಾತ್ರೆಯನ್ನೋ ತಿಳಿಯಲಿಲ್ಲ. ಉಡಚಮ್ಮ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದಳು. ಮದುವೆಯಾಗಿ ಬಂದಂದಿನಿಂದ ಈ ಹುಡುಗಿ ತನಗಿಂತ ಮೊದಲು ಅತ್ತೆಯ ತಾಟು ಇಡುವವಳು. ಜ್ವರ ಬಂದಾಗ ರಜೆ ಹಾಕಿ ಕಾಲು ಒತ್ತಿದವಳು. ಬೆಂಚಿನಲ್ಲಿ ಕುಳಿತಾಗ ಈ ಮಾತನ್ನು ಒಂದು ಸಲವಾದರೂ ಹೇಳಿದ್ದಳೇ ತಾನು?

ಮಧ್ಯಾಹ್ನವೆಲ್ಲ ಉಡಚಮ್ಮ ತನ್ನ ಕೋಣೆಯಲ್ಲೇ ಇದ್ದಳು. ಸಂಜೆ ಬಿಸಿಲು ಇಳಿದ ಮೇಲೆ ಕಡ ತಂದದ್ದೆಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡಳು. ಬೆಳಿಗ್ಗೆ ಅವರಿಟ್ಟು ಹೋದದ್ದನ್ನೂ ಸೇರಿಸಿಕೊಂಡಳು. ಎಲ್ಲಿಗೆ ಎಂದು ದುರಗೇಶ ಕೇಳಿದ. ತಿರುಗಿ ಕೊಡಾಕ ಎಂದಳು. ಅವನಿಗೆ ಸಮಾಧಾನವಾಯಿತು. ಆ ಮಾತಿನ ಅರ್ಥ ಅವನಿಗೆ ಹೊಳೆಯಲಿಲ್ಲ. ಯಾರೂ ಕೇಳದೆ, ತಾನಾಗಿ, ಎಲ್ಲರದನ್ನೂ ಒಂದೇ ದಿನ ತಿರುಗಿ ಕೊಡಲು ಹೊರಟಿದ್ದಳು ಆಕೆ. ಅಂದರೆ ಈ ಊರಿನಲ್ಲಿ ಕಷ್ಟಪಟ್ಟು ಕಟ್ಟಿಕೊಂಡದ್ದನ್ನು ತನ್ನ ಕೈಯಿಂದಲೇ ಕೆಡವಲು.

ಪಾರ್ಕಿನಲ್ಲಿ ಹೆಂಗಸರೆಲ್ಲ ಕೂಡಿದ್ದರು. ಬೆಳಗಿನ ಪಂಚಾಯಿತಿಯ ಮಾತೇ ನಡೆದಿತ್ತು. ಆಕೆಯನ್ನು ಕಂಡು ಸುನಿತಾ ಸರಿದು ಜಾಗ ಮಾಡಿದಳು. ಉಡಚಮ್ಮ ಕೂರಲಿಲ್ಲ. ಚೀಲದಿಂದ ಒಂದೊಂದೇ ತೆಗೆದು ಅವರವರ ಮುಂದೆ ಇಟ್ಟಳು.

"ಕಳಕಮ್ಮ, ಇದು ನಿನ್ನ ಸಕ್ರಿ. ಇದು ನಾಹೀದಾ ನಿನ್ನ ಚಾಪುಡಿ, ಒಂದ್ ಚಮಚೆನೂ ಮುಟ್ಟಿಲ್ಲ. ನಮ್ಮ ಮನ್ಯಾಗ ಎಲ್ಲಾ ಐತಿ. ಯಾವುದಕ್ಕೂ ಕೀಲಿ ಇಲ್ಲ. ನನ್ನ ಸೊಸಿ ನಾ ಉಂಡ ಮ್ಯಾಲ ಉಣ್ಣತಾಳ. ಕೀಲಿ ಮಾತು ಬಂದಾಗ ಅಲ್ಲ ಅಂತ ಹೇಳೋ ಬಾಯಿ ನನಗಿತ್ತು, ಹೇಳಲಿಲ್ಲ. ನೀವು ಕರದು ಕೂಡಸ್ತೀರಿ ಅಂತ ಸುಮ್ಮನಿದ್ದೆ. ಆ ಹುಡಿಗಿಗೆ ಅಂದಿದ್ದೆಲ್ಲಾ ನನಗ ಅನ್ರಿ."

ಕಳಕಮ್ಮನ ಮುಖ ಕೆಂಪಾಯಿತು. ಬೆಳಿಗ್ಗೆ ಪರರ ಗೇಟಿಗೆ ಹೋಗಿ ಬೈದು ಬಂದವಳು ಆಕೆ.

"ಹಂಗಾರ ನಮ್ಮನ್ನೆಲ್ಲಾ ಹುಚ್ಚರನ್ನ ಮಾಡಿದಿ," ಎಂದಳು. "ಮನ್ಯಾಗ ಇದ್ರ ಕೇಳಾಕ ಯಾಕ ಬಂದಿ?"

"ಕಡ ಒಯ್ದರ ಕೇಳಾಕ ಬರತೀರಿ ಅಂತ. ನಮ್ಮ ಕೇರಿಯಾಗ ಹಂಗ. ಕೊಟ್ಟಾಕಿ ಬಂದು, ಬಾಗಲದಾಗ ಕುಂತು, ನನ್ನದು ನನಗ ಕೊಡು ಅಂತಾಳ. ನೀವೂ ಬರತೀರಿ, ಒಂದೀಟು ಮಾತಾಡತೀರಿ ಅಂತ ದಿನಾ ಬಾಗಲ ತಗದು ಕುಂದರತಿದ್ದೆ. ಯಾರೂ ಬರಲಿಲ್ಲ."

ಇಷ್ಟು ಹೇಳಿ ಆಕೆ ಖಾಲಿ ಚೀಲ ಮಡಚಿಕೊಂಡು ತಿರುಗಿದಳು. ಹಿಂದಿನಿಂದ ಯಾರೂ ಕರೆಯಲಿಲ್ಲ. ಕಳಕಮ್ಮ ಸಕ್ಕರೆಯ ಡಬ್ಬಿಯನ್ನೇ ನೋಡುತ್ತ ಕುಳಿತಿದ್ದಳು. ಮನೆಗೆ ಬಂದು ಉಡಚಮ್ಮ ಸೊಸೆಯ ಮುಂದೆ ನಿಂತು, ಹೇಳಿ ಬಂದೆ ಎಂದಳು. ಏನು ಹೇಳಿದಿರಿ ಎಂದು ಶ್ವೇತಾ ಕೇಳಿದಳು. ಇದ್ದದ್ದು ಇದ್ದಂಗ ಎಂದಳು. ಬೆಳಗಿನಿಂದ ಒಣಗಿದ್ದ ಶ್ವೇತಾಳ ಕಣ್ಣು ಆಗ ತುಂಬಿ ಬಂತು. ಆಕೆ ಅತ್ತೆಯ ಭುಜಕ್ಕೆ ಹಣೆ ಹಚ್ಚಿ, ಶಾಲೆಯ ಮಕ್ಕಳು ಅಳುವಂತೆ ಬಿಕ್ಕಿ ಬಿಕ್ಕಿ ಅತ್ತಳು. "ಎರಡ ವರ್ಷ ಆತ್ರಿ ಅತ್ತಿ, ಈ ಓಣ್ಯಾಗ ನನ್ನ ಹೆಸರ ಹಿಡಿದು ಕರೆಯೋರು ಒಬ್ಬರಿಲ್ಲ. ಎಲ್ಲಾರೂ ಟೀಚರ್ ಅಂತಾರ. ನಿಮಗರೆ ಬಟ್ಟಲ ಹಿಡಕೊಂಡು ಹೋಗೋ ಧೈರ್ಯ ಇತ್ತು..." ಉಡಚಮ್ಮ ಸೆರಗಿನಿಂದ ಆಕೆಯ ಮುಖ ಒರೆಸಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಮನೆಯಲ್ಲಿ, ಎರಡು ಕೋಣೆಗಳಲ್ಲಿ, ಒಂದೇ ಹಸಿವಿನಿಂದ ಸೊರಗಿದ್ದರು. ಇದಕ್ಕೆ ಏನು ಹೇಳುವುದು!

ಮುಂದಿನ ವಾರ ಗೇಟು ಸದ್ದು ಮಾಡಲಿಲ್ಲ. ಉಡಚಮ್ಮ ಪಾರ್ಕಿನ ಕಡೆ ತಲೆಯನ್ನೂ ಹಾಕಲಿಲ್ಲ. ಆದರೆ ಮನೆಯೊಳಗೆ ಬೇರೆ ಗಾಳಿ ಬೀಸಿತ್ತು. ಶ್ವೇತಾ ಶಾಲೆಯಿಂದ ಬಂದವಳು ಅಡುಗೆಮನೆಯ ಕಟ್ಟೆಗೆ ಒರಗಿ ದಿನದ ಸುದ್ದಿ ಹೇಳತೊಡಗಿದಳು. ಯಾವ ಹುಡುಗ ಯಾವ ಹುಡುಗಿಯ ಜಡೆ ಎಳೆದ, ಹೆಡ್ ಮಾಸ್ತರರು ಯಾಕೆ ಸಿಟ್ಟಾದರು, ಎಲ್ಲ. ಉಡಚಮ್ಮ ಹೆಡ್ ಮಾಸ್ತರರಿಗೆ ಕೊಡಬೇಕಾದ ಉತ್ತರಗಳನ್ನು ಹೇಳಿಕೊಡುತ್ತಿದ್ದಳು. ಅವನ್ನು ಶ್ವೇತಾ ನಿಜಕ್ಕೂ ಕೊಟ್ಟಿದ್ದರೆ ನೌಕರಿ ಹೋಗುತ್ತಿತ್ತು. ಅವರಿಬ್ಬರ ನಗು ಕೇಳಿ ದುರಗೇಶ ಟಿವಿಯ ದನಿ ಕಡಿಮೆ ಮಾಡುತ್ತಿದ್ದ. ಒಂದು ದಿನ ಟಿವಿ ಬಂದ್ ಮಾಡಿ ತಾನೂ ಬಂದು ಕುಳಿತ. ತಾಯಿಯ ಕೂಡ ನೇರ ಮಾತಿಗೆ ಇನ್ನೂ ಬಿಗುಮಾನ. ಉಳ್ಳಾಗಡ್ಡಿ ಸುಲಿದುಕೊಟ್ಟ.

ಮರು ರವಿವಾರ ಮಧ್ಯಾಹ್ನ, ಊಟದ ಹೊತ್ತಿಗೆ ಮುಂಚೆ, ಎದುರು ಮನೆಯ ಮುಂದೆ ಒಂದು ಕ್ರೂಸರ್ ಬಂದು ನಿಂತಿತು. ಕಳಕಮ್ಮನ ಮಗ ಪ್ರಭುರಾಜನಿಗೆ ಕುಷ್ಟಗಿಯ ಹೆಣ್ಣು ಗೊತ್ತಾಗಿತ್ತು. ಅವರ ಕಡೆಯವರು ಮನೆ ನೋಡಲು ಬರುವವರಿದ್ದರು. ನಾಲ್ಕೈದು ಜನ ಬರುತ್ತೇವೆಂದವರು ಗಾಡಿ ತುಂಬ ಬಂದಿದ್ದರು. ಇಳಿದಷ್ಟೂ ಇಳಿಯುತ್ತಲೇ ಇದ್ದರು. ಉಡಚಮ್ಮನ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಅಂಗಡಿಯ ರೊಟ್ಟಿ ತರಿಸ್ಯಾಳ, ಬೆಳಿಗ್ಗೆ ನೋಡೀನಿ, ಸಣ್ಣ ಗಂಟು, ಇಷ್ಟು ಮಂದಿಗೆ ಎಲ್ಲಿ ಸಾಕಾಗತಾವ ಎಂದು ಉಡಚಮ್ಮ ಗೊಣಗಿದಳು. ಕಾಲು ಅತ್ತ ಓಡಲು ನೋಡುತ್ತಿದ್ದವು. ಕರೆಯದೆ ಹೋಗುವ ಹಕ್ಕನ್ನು ತಾನೇ ತಿರುಗಿ ಕೊಟ್ಟು ಬಂದಿದ್ದಳಲ್ಲ.

ಸ್ವಲ್ಪ ಹೊತ್ತಿಗೆ ಗೇಟು ಧಡಾರನೆ ತೆರೆಯಿತು. ಗಂಟೆ ಒತ್ತದೆ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಕಳಕಮ್ಮ ಪಡಸಾಲೆಗೇ ನುಗ್ಗಿ ಬಂದಳು. ಕೈಯಲ್ಲಿ ದೊಡ್ಡ ಬಿದಿರು ಬುಟ್ಟಿ.

"ಉಡಚಮ್ಮ, ರೊಟ್ಟಿ ಕಡ ಕೊಡು. ಎಷ್ಟ ಅದಾವ ಅಷ್ಟ ಕೊಡು, ಸಾಲಂಗಿಲ್ಲ. ಇನ್ನಷ್ಟ ಬಡಕೊಡು. ಶ್ವೇತಾ, ನೀನೂ ಕೈ ಹಚ್ಚವ್ವಾ. ಬೀಗರು ಕುಂತು ಬಿಟ್ಟಾರ, ನನ್ನ ಮರ್ಯಾದಿ ಹೊಂಟೈತಿ."

ಉಡಚಮ್ಮ ಆಗಲೇ ಹಿಟ್ಟಿನ ಡಬ್ಬಿಯ ಹತ್ತಿರ ಇದ್ದಳು. ಆದರೆ ದುರಗೇಶ ನಡುಮನೆಯ ಬಾಗಿಲಲ್ಲಿ ನಿಂತುಬಿಟ್ಟ.

"ಅಕ್ಕಾರ," ಎಂದ. "ನಮ್ಮ ಮನಿ ರೊಟ್ಟಿ. ನಿಮ್ಮ ಬೀಗರಿಗೆ ನಡೀತಾವೇನ್ರಿ?"

ಕಳಕಮ್ಮನಿಗೆ ಪ್ರಶ್ನೆ ಅರ್ಥವಾಯಿತು. ಅರ್ಥವಾಗಲಿಲ್ಲವೆಂಬಂತೆ ನಟಿಸಲಿಲ್ಲ, ಅದೇ ದೊಡ್ಡದು. ಒಂದು ಕ್ಷಣ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಅವರು ಕೇಳಿದ್ರ ದುರಗೇಶಪ್ಪನ ಮನಿ ರೊಟ್ಟಿ ಅಂತ ಹೇಳ್ತೀನಿ," ಎಂದಳು. "ತಿಂದ ಮ್ಯಾಲ ಕೇಳ್ತಾರ ಬಿಡು. ಸರಿ ಅತ್ಲಾಗ, ದಾರಿ ಬಿಡು."

ದುರಗೇಶನ ಮುಖದಲ್ಲಿ ನಗು ಮೂಡಿತು. ಅವನು ಸರಿದ. ಆಮೇಲೆ ಆ ಅಡುಗೆಮನೆಯನ್ನು ನೋಡಬೇಕಿತ್ತು! ಎರಡು ಒಲೆಯ ಮೇಲೆ ಎರಡು ಹಂಚು. ಉಡಚಮ್ಮ ಬಡಿದಳು, ಶ್ವೇತಾ ಬೇಯಿಸಿದಳು. ನಾಹೀದಾಳನ್ನು ಯಾರು ಕರೆದರೋ ಗೊತ್ತಿಲ್ಲ, ಆಕೆ ತನ್ನ ಮನೆಯ ಹಂಚಿನ ಸಮೇತ ಬಂದು ನೆಲದ ಮೇಲೆ ಸಣ್ಣ ಒಲೆ ಹೂಡಿದಳು. ಸುನಿತಾ ಮೊಸರಿನ ಗಡಿಗೆ ತಂದಳು. ರೊಟ್ಟಿ ಬಡಿಯುವ ಸದ್ದು ಬೀದಿಯ ಆ ತುದಿಗೂ ಕೇಳುತ್ತಿತ್ತು. ದುರಗೇಶ ಬಿಸಿ ರೊಟ್ಟಿಯ ಬುಟ್ಟಿ ಹೊತ್ತು ಎರಡು ಗೇಟುಗಳ ನಡುವೆ ಓಡಿದ. ಪ್ರತಿ ಸಲವೂ ಒಂದು ಸುದ್ದಿ ತಂದ. ಹುಡುಗಿಯ ಅಜ್ಜ ಎಣ್ಣೆಗಾಯಿ ಮೂರು ಸಲ ಹಾಕಿಸಿಕೊಂಡನೆಂದ. ಪ್ರಭುರಾಜ ನಾಚಿಕೊಂಡು ನೀರಿನ ಲೋಟ ಕೆಡವಿದನೆಂದ. ಕೊನೆಯ ಸಲ ಬಂದಾಗ ಬಾಗಿಲಲ್ಲೇ ನಿಂತು, ರೊಟ್ಟಿ ಯಾರು ಮಾಡಿದ್ದೆಂದು ಅಜ್ಜ ಕೇಳಿದನೆಂದ. ಒಳಗಿನ ಸದ್ದೆಲ್ಲ ನಿಂತಿತು.

"ಏನಂದಳು?" ಎಂದಳು ಉಡಚಮ್ಮ.

"ಎದುರ ಮನಿ ನಮ್ಮ ಉಡಚಮ್ಮ ಅಂದಳು. ಹೊರಗ ಹೊಂಟಿದ್ದ ನನ್ನ ರಟ್ಟಿ ಹಿಡದು ನಿಂದರಿಸಿ, ಇವ ಆಕಿ ಮಗಾ ಅಂದಳು. ಮುದುಕ ಇನ್ನ ಎರಡ ತರಾಕ ಹೇಳ್ಯಾನ. ಬಡಿಯಬೇ ಲಗೂನ, ಏನ ನೋಡ್ತಿ?"

ಉಡಚಮ್ಮ ಬಡಿದಳು. ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ಹುಬ್ಬೆಲ್ಲ ಬೆಳ್ಳಗಾಯಿತು. ಶ್ವೇತಾ ಅದನ್ನು ನೋಡಿ ನಕ್ಕಳು. ನಾಹೀದಾ ಅವರಿಬ್ಬರನ್ನೂ ನೋಡಿ ನಕ್ಕಳು. ನಗುವಿನಲ್ಲಿ ಒಂದು ರೊಟ್ಟಿ ಸೀದು ಹೋಯಿತು. ಅದನ್ನು ದುರಗೇಶ ತಿಂದ.

ಮದುವೆ ಗಟ್ಟಿಯಾಯಿತು. ಕ್ರೂಸರ್ ಹೋಯಿತು. ಕಳಕಮ್ಮ ದಣಿದು ಮಲಗಿದಳೋ ಏನೋ, ಅಂದು ಬರಲಿಲ್ಲ. ಸೋಮವಾರವೂ ಬರಲಿಲ್ಲ, ಮಂಗಳವಾರವೂ ಇಲ್ಲ. ದುರಗೇಶನಿಗೆ ಒಳಗೊಳಗೇ ಕಸಿವಿಸಿ. ಕೆಲಸ ಆಯಿತು, ಮರೆತರು ಎಂದ. ಉಡಚಮ್ಮನ ಮುಖದಲ್ಲಿ ಮಾತ್ರ ಬೆಲ್ಲ ತಿಂದ ಕಳೆ. ಆಕಿ ಯಾಕ ಬರತಾಳ, ಕಡ ಒಯ್ದಾಕಿ ಆಕಿ, ಕೇಳಾಕ ನಾವು ಹೋಗಬೇಕು, ಪದ್ಧತಿ ಗೊತ್ತಾಗೇತಿ ಆಕಿಗೆ ಎಂದಳು. ಯಾರು ಹೋಗಬೇಕೆಂಬುದರ ಬಗ್ಗೆ ಅತ್ತೆ ಸೊಸೆ ಏನೋ ಗುಸುಗುಸು ಮಾಡಿಕೊಂಡರು.

ಬುಧವಾರ ಸಂಜೆ ಶ್ವೇತಾ ಶಾಲೆಯಿಂದ ಬಂದು ಮುಖ ತೊಳೆದು, ಹಣೆಗಿಟ್ಟುಕೊಂಡು, ಎದುರು ಮನೆಗೆ ಹೋದಳು. ನಮ್ಮ ರೊಟ್ಟಿ ಕೊಡ್ರಿ ಎಂದು ಆಕೆ ಕೂಗಿದ್ದು ಇಲ್ಲಿಗೂ ಕೇಳಿಸಿತು. ಅದಕ್ಕೆ ಕಳಕಮ್ಮ ಏನೋ ಅಂದಳು, ಇಬ್ಬರೂ ಜೋರಾಗಿ ನಕ್ಕರು, ಒಳಗೆ ಹೋದರು. ಬೀದಿ ದೀಪ ಹತ್ತಿತು. ದುರಗೇಶ ಕಚೇರಿಯಿಂದ ಬಂದ. ಹೆಂಡತಿ ಇಲ್ಲ. ಸ್ನಾನ ಮಾಡಿ ಬಂದ. ಇಲ್ಲ. ಅವನು ಗೇಟಿಗೆ ಹೋಗಿ ಇಣುಕಿ ನೋಡಿದ. ಎದುರು ಮನೆಯ ವರಾಂಡದಲ್ಲಿ ಶ್ವೇತಾ ಕಾಲು ಮಡಚಿ ಕುಳಿತು, ಕೈ ಬೀಸಿ ಬೀಸಿ ಏನನ್ನೋ ಹೇಳುತ್ತಿದ್ದಳು. ಸುತ್ತ ನಾಲ್ಕೈದು ಹೆಂಗಸರು ಬಾಯಿ ತೆರೆದು ಕೇಳುತ್ತಿದ್ದರು.

"ಹಸಿವ್ಯಾಗೈತಬೇ ಯವ್ವಾ, ಕರೀಲೇನು?" ಎಂದ ಅವನು ಒಳಗೆ ತಿರುಗಿ.

"ಸುಮ್ಮನಿರು," ಎಂದಳು ಉಡಚಮ್ಮ. "ಅನ್ನ ಸಾರು ಐತಿ. ನೀನೂ ಹಾಕ್ಕೊ, ನನಗೂ ಹಾಕು."